ಹೊಂಡದ ಮೀನು ಬೆಳಗಿನ ಜಾವವೇ ಏಕೆ ಸಾಯುತ್ತದೆ?

(ಮೀನು ಸಾಕಣೆ ತರಬೇತಿಗೆ ಸೇರಿದ್ದ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ಮುಂದೆ ಧಾರವಾಡದಲ್ಲಿ ಮಾಡಿದ ಭಾಷಣ)



ಬೇಸಿಗೆಯ ಕೊನೆಗೆ, ಭರಣಿ, ಕೃತ್ತಿಕಾ ಮಳೆಗಳ ಹೊತ್ತಿಗೆ, ಮೀನು ಸಾಕಿದ ರೈತರಿಂದ ಒಂದೇ ತೆರನಾದ ದೂರು ಕೇಳಿಬರುತ್ತದೆ. ಸಂಜೆ ನೋಡಿದಾಗ ಚೆನ್ನಾಗಿದ್ದ ಮೀನು ಬೆಳಿಗ್ಗೆ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿರುತ್ತದೆ. ದಂಡೆಗೆ ಬಂದು ನಿಂತವರ ಮೊದಲ ಮಾತು, "ಯಾರೋ ಎಣ್ಣಿ ಹಾಕ್ಯಾರ" ಎಂಬುದು. ಕೂಡಲೇ ಬಾಂದಿನ ಜಗಳ, ನೀರಿನ ಪಾಳಿಯ ಮನಸ್ತಾಪ, ಹಳೆಯ ಸಿಟ್ಟು ಎಲ್ಲ ನೆನಪಿಗೆ ಬರುತ್ತವೆ. ಮಾತು ಪಂಚರ ತನಕ, ಕೆಲವೊಮ್ಮೆ ಪೊಲೀಸ್ ಠಾಣೆಯ ತನಕ ಹೋಗುತ್ತದೆ. ಸತ್ತ ಮೀನು ಗುಂಡಿ ಸೇರುತ್ತದೆ. ಸಾವಿನ ಕಾರಣ ಮಾತ್ರ ಹೊಂಡದಲ್ಲಿಯೇ ಉಳಿದು ಮರುವರ್ಷ ಮತ್ತೆ ಮೀನನ್ನು ಕೊಲ್ಲುತ್ತದೆ.

ವಿಷದಿಂದ ಮೀನು ಸಾಯುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆ ವಿಷಯಕ್ಕೂ ಮುಂದೆ ಬರುತ್ತೇನೆ. ಆದರೆ ಬೆಳಗಿನ ಜಾವದ ಸಾವಿಗೆ ಬಹುಮಟ್ಟಿಗೆ ಕಾರಣ ಉಸಿರುಗಟ್ಟುವಿಕೆ. ಅದೂ ಒಂದು ರಾತ್ರಿಯಲ್ಲಿ ಬಂದದ್ದಲ್ಲ. ಬಿಸಿಲು, ಇಳಿದ ನೀರು, ಹೆಚ್ಚಾದ ಗೊಬ್ಬರ, ಸಂಜೆಯ ಆಹಾರ, ಹೊಲದಿಂದ ಹರಿದು ಬಂದ ಅಷ್ಟಿಷ್ಟು ಔಷಧಿ, ಇವೆಲ್ಲ ಒಂದರ ಮೇಲೊಂದು ಸೇರಿ ಮೀನನ್ನು ಬಳಲಿಸಿರುತ್ತವೆ. ಕೊನೆಯ ರಾತ್ರಿ ನೆಪ ಮಾತ್ರ. ಈ ಬಳಲಿಕೆಗೆ ಶಾಸ್ತ್ರಜ್ಞರು 'ಒತ್ತಡ' ಎನ್ನುತ್ತಾರೆ. ಮೀನಿನ ಮೈ ಹೇಗೆ ಕೆಲಸ ಮಾಡುತ್ತದೆ, ಒತ್ತಡದಲ್ಲಿ ಅದಕ್ಕೆ ಏನಾಗುತ್ತದೆ ಎಂಬುದನ್ನು ತಿಳಿದುಕೊಂಡರೆ ಮೀನನ್ನೂ ಉಳಿಸಿಕೊಳ್ಳಬಹುದು, ನೆರೆಹೊರೆಯನ್ನೂ ಉಳಿಸಿಕೊಳ್ಳಬಹುದು.

2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಒಣಭೂಮಿಯಲ್ಲಿ ಕೃಷಿ ಹೊಂಡಗಳು ಹೆಚ್ಚಿದವು. ಬೆಳೆಗೆ ಜೀವ ಹಿಡಿಸಲು ತೋಡಿದ ಹೊಂಡದಲ್ಲಿ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಬಿಟ್ಟು ಉಪ ಆದಾಯ ಮಾಡಿಕೊಳ್ಳುವ ರೈತರಿದ್ದಾರೆ. ಆದರೆ ಹೊಂಡವೆಂಬುದು ಕೆರೆಯಲ್ಲ. ಅದು ಚಿಕ್ಕದು, ಬೇಗ ಕಾಯುತ್ತದೆ, ಬೇಗ ಇಳಿಯುತ್ತದೆ. ಕೆರೆಯ ಮೀನಿಗೆ ತಪ್ಪಿಸಿಕೊಳ್ಳಲು ಆಳವಾದ ಜಾಗವಿರುತ್ತದೆ. ಹೊಂಡದ ಮೀನಿಗೆ ಹೋಗಲು ಬೇರೆ ಜಾಗವಿಲ್ಲ.

ನೀರಿನಲ್ಲಿ ಉಸಿರಾಡುವುದು ಸುಲಭವಲ್ಲ

ನಾವು ಉಸಿರಾಡುವ ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿ.ಲೀ. ಪ್ರಾಣವಾಯು ಅಂದರೆ ಆಮ್ಲಜನಕವಿದೆ. 30 ಡಿಗ್ರಿ ಸೆಲ್ಸಿಯಸ್ ಶಾಖದ ಒಂದು ಲೀಟರ್ ಒಳ್ಳೆಯ ನೀರಿನಲ್ಲಿ ಕರಗಿರುವುದು ಕೇವಲ 5 ಮಿ.ಲೀ.ಯಷ್ಟು. ಅಂದರೆ ಗಾಳಿಯ ನಲವತ್ತರಲ್ಲಿ ಒಂದು ಪಾಲು. ಅಷ್ಟನ್ನು ಪಡೆಯಲು ಮೀನು ಹಗಲಿರುಳೂ ಬಾಯಿಯಿಂದ ನೀರನ್ನು ಎಳೆದುಕೊಂಡು ಕಿವಿರುಗಳ ಮೇಲೆ ಹಾಯಿಸಿ ಹೊರಗೆ ಬಿಡಬೇಕು.

ಕಿವಿರಿನ ಮುಚ್ಚಳ ಎತ್ತಿ ನೋಡಿದರೆ ಕೆಂಪಗಿನ ಬಾಚಣಿಕೆಯಂತಹ ಎಳೆಗಳು ಕಾಣುತ್ತವೆ. ಅವುಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಹಾಳೆಗಳಿವೆ. ಹಾಳೆಯ ಹೊರಗೆ ನೀರು ಒಂದು ದಿಕ್ಕಿಗೆ ಹೋದರೆ, ಒಳಗೆ ರಕ್ತ ಅದಕ್ಕೆ ಎದುರು ದಿಕ್ಕಿಗೆ ಹರಿಯುತ್ತದೆ. ಈ ಎದುರುಬದುರು ಹರಿವಿನಿಂದಾಗಿ, ಅನುಕೂಲ ಪರಿಸ್ಥಿತಿಯಲ್ಲಿ ಮೀನು ತನ್ನ ಕಿವಿರಿನ ಮೇಲೆ ಹಾಯ್ದ ನೀರಿನ ಆಮ್ಲಜನಕದ ಮುಕ್ಕಾಲು ಪಾಲನ್ನು ಹೀರಿಕೊಳ್ಳಬಲ್ಲದು. ನಮ್ಮ ಶ್ವಾಸಕೋಶಕ್ಕೂ ಇಷ್ಟು ಸಾಮರ್ಥ್ಯವಿಲ್ಲ. ಆದರೆ ಇದೇ ತೆಳು ಹಾಳೆಯ ಮೂಲಕ ನೀರಿನಲ್ಲಿರುವ ವಿಷವೂ ಅಷ್ಟೇ ಸಲೀಸಾಗಿ ರಕ್ತಕ್ಕೆ ಸೇರುತ್ತದೆ. ಕೆಸರು, ಲೋಳೆ ಕೂತರೆ ಉಸಿರಿನ ದಾರಿಯೇ ಕಟ್ಟುತ್ತದೆ.

ಗೆಂಡೆ ಮೀನುಗಳಿಗೆ ಲೀಟರಿಗೆ 5 ಮಿ.ಗ್ರಾಂ. ಅಥವಾ ಅದಕ್ಕೂ ಹೆಚ್ಚು ಆಮ್ಲಜನಕವಿದ್ದರೆ ಒಳ್ಳೆಯದು. 3 ಮಿ.ಗ್ರಾಂ.ಗಿಂತ ಕೆಳಗಿಳಿದರೆ ಬಳಲಿಕೆ ಆರಂಭ. ಒಂದೆರಡು ಮಿ.ಗ್ರಾಂ.ಗೆ ಬಂದಾಗ ಮೀನು ಮೇಲಕ್ಕೆ ಬಂದು ಬಾಯಿ ತೆರೆದು ತೇಕುತ್ತದೆ. ಕೊರವ, ಮುರುಗೋಡು ಮೊದಲಾದ ಮೀನುಗಳು ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲವು. ಆದ್ದರಿಂದಲೇ ಬತ್ತುವ ಕೆರೆಯ ಕೆಸರಿನಲ್ಲಿಯೂ ಅವು ಬದುಕುತ್ತವೆ. ಕಾಟ್ಲಾ, ರೋಹುಗಳಿಗೆ ಆ ಅನುಕೂಲವಿಲ್ಲ.

ಬಿಸಿ ನೀರಿನ ಎರಡು ಪೆಟ್ಟು

ಬೇಸಿಗೆ ಮೀನಿಗೆ ಎರಡು ಕಡೆಯಿಂದ ಹೊಡೆಯುತ್ತದೆ. ಮೊದಲನೆಯದು, ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9.1 ಮಿ.ಗ್ರಾಂ. ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ 7.6, 35 ಡಿಗ್ರಿಯಲ್ಲಿ 6.9 ಮಿ.ಗ್ರಾಂ. ಮಾತ್ರ. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿರುವ ನಮ್ಮ ಧಾರವಾಡದಲ್ಲಿ ಇದು ಇನ್ನಷ್ಟು ಕಡಿಮೆ.

ಎರಡನೆಯದು, ಮೀನು ದನಕರುಗಳಂತೆ ಬಿಸಿರಕ್ತದ ಪ್ರಾಣಿಯಲ್ಲ. ನೀರಿನ ಶಾಖವೇ ಅದರ ಮೈಶಾಖ. ನೀರು 10 ಡಿಗ್ರಿ ಹೆಚ್ಚು ಕಾದರೆ ಅದರ ದೇಹದ ಒಳಗಿನ ಕೆಲಸಗಳ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಆಮ್ಲಜನಕದ ಖರ್ಚೂ ಅಷ್ಟೇ ಏರುತ್ತದೆ. ನೀರಿನಲ್ಲಿ ಜಮೆ ಕಡಿಮೆಯಾದಾಗಲೇ ಮೀನಿನ ಖರ್ಚು ಹೆಚ್ಚುತ್ತದೆ. ಇಂತಹ ವ್ಯವಹಾರ ಬಹಳ ದಿನ ನಡೆಯದೆಂದು ತಮಗೆ ಹೇಳಬೇಕಾಗಿಲ್ಲ.

ಇದರ ಜೊತೆಗೆ ನೀರು ಇಳಿಯುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೇಲ್ಭಾಗದಲ್ಲಿ 21 ಮೀಟರ್ ಉದ್ದಗಲ, 3 ಮೀಟರ್ ಆಳ, ಬದಿಗಳಿಗೆ ಒಂದಕ್ಕೆ ಒಂದರ ಇಳಿಜಾರು ಇರುವ ಹೊಂಡ ತುಂಬಿದಾಗ ಸುಮಾರು 9.8 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಅದೇ ಹೊಂಡದಲ್ಲಿ ಒಂದು ಮೀಟರ್ ನೀರು ಉಳಿದಾಗ ಇರುವುದು ಸುಮಾರು 2.5 ಲಕ್ಷ ಲೀಟರ್. 500 ಮೀನು ಇದ್ದರೆ, ಮೊದಲು ಒಂದು ಮೀನಿಗೆ ಸುಮಾರು 2,000 ಲೀಟರ್ ನೀರು ಇತ್ತು. ಈಗ 500 ಲೀಟರ್. ಆಗ ಬೆರಳುದ್ದದ ಮರಿ, ಈಗ ಕಿಲೋ ತೂಗುವ ಮೀನು! ನೀರು ನಾಲ್ಕನೇ ಒಂದು ಪಾಲಿಗೆ ಇಳಿದರೂ ಉಸಿರಾಡುವ ಮೈ ಎಷ್ಟೋ ಪಟ್ಟು ಬೆಳೆದಿದೆ.

ರಾತ್ರಿಯ ಲೆಕ್ಕ

ಹೊಂಡದ ನೀರು ಹಸಿರಾಗಿದ್ದರೆ ಮೀನಿಗೆ ಆಹಾರವಿದೆಯೆಂದು ನಾವೇ ಹೇಳಿಕೊಟ್ಟಿದ್ದೇವೆ. ಅದು ನಿಜ. ಆ ಹಸಿರು ಬಣ್ಣ ಸೂಕ್ಷ್ಮ ಪಾಚಿಯದು. ಹಗಲು ಬಿಸಿಲಿನಲ್ಲಿ ಅದು ಆಮ್ಲಜನಕವನ್ನು ಬಿಡುತ್ತದೆ. ಆದರೆ ಸೂರ್ಯ ಮುಳುಗಿದ ಮೇಲೆ ಪಾಚಿಯೂ ಮೀನಿನಂತೆ ಆಮ್ಲಜನಕವನ್ನು ಬಳಸುತ್ತದೆ. ತಳದ ಕೆಸರಿನಲ್ಲಿ ಸಗಣಿ, ಉಳಿದ ಆಹಾರ, ಸತ್ತ ಎಲೆಗಳನ್ನು ಕೊಳೆಯಿಸುವ ಅಣುಜೀವಿಗಳಿಗೂ ಅದೇ ಬೇಕು. ರಾತ್ರಿಯಿಡೀ ಖರ್ಚು ನಡೆಯುತ್ತದೆ, ಜಮೆ ಬಹಳ ಕಡಿಮೆ. ಹೀಗಾಗಿ ಆಮ್ಲಜನಕ ಅತಿ ಕಡಿಮೆ ಇರುವ ಹೊತ್ತು ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ. ಬೆಳಗಿನ ಜಾವವೇ ಮೀನು ಸಾಯುವುದೇಕೆ ಎಂಬ ಪ್ರಶ್ನೆಗೆ ಉತ್ತರ ಇದೇ.

ಎರಡು ಮೂರು ದಿನ ಮೋಡ ಕವಿದರೆ ಅಪಾಯ ಹೆಚ್ಚು. ಪಾಚಿ ಹಗಲಿನಲ್ಲಿಯೂ ಸಾಕಷ್ಟು ಆಮ್ಲಜನಕ ತಯಾರಿಸುವುದಿಲ್ಲ. ಇನ್ನು ಭರಣಿ ಮಳೆಯ ಸಂಗತಿ. ಕಾದ ಹೊಂಡದಲ್ಲಿ ಮೇಲಿನ ಬಿಸಿ ನೀರು ಹಗುರ, ತಳದ ನೀರು ತಂಪಾಗಿ ಭಾರ. ಎರಡೂ ಬೆರೆಯದೆ ಪದರವಾಗಿ ನಿಂತಿರುತ್ತವೆ. ತಳದ ನೀರಿನಲ್ಲಿ ಆಮ್ಲಜನಕ ಇರುವುದು ಅಪರೂಪ. ಗುಡುಗು ಮಳೆ ಬಿರುಸಾಗಿ ಸುರಿದು ಮೇಲ್ಪದರ ಒಮ್ಮೆಲೇ ತಂಪಾದರೆ ಅದು ಭಾರವಾಗಿ ಕೆಳಗಿಳಿಯುತ್ತದೆ. ತಳದ ಕೆಟ್ಟ ನೀರು ಮೇಲಕ್ಕೆ ಬರುತ್ತದೆ. ಹೊಂಡ ಬುಡಮೇಲಾದಂತೆ. ಮೊದಲ ಮಳೆ ಹೊಲದ ಕಸವನ್ನೂ ಎರೆಮಣ್ಣಿನ ರಾಡಿಯನ್ನೂ ಹೊತ್ತು ತರುತ್ತದೆ. ಬೆಳೆಗೆ ಒಳ್ಳೆಯದಾದ ಮಳೆ ಮೀನಿಗೆ ಮುಳುವಾಗುವುದು ಹೀಗೆ.

ಒಂದೇ ಹಗೇವು, ಹಲವು ಖರ್ಚು

ಮೀನಿಗೆ ಸಂಕಟ ಬಂದಾಗ ಅದರ ಮೈಯೊಳಗೆ ಏನಾಗುತ್ತದೆ? ಪ್ರಾಣಿಗಳು ಒತ್ತಡಕ್ಕೆ ಸ್ಪಂದಿಸುವ ಬಗೆಯನ್ನು ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ ವಿವರಿಸಿದರು. ಮೊದಲು ದಿಗಿಲು, ಬಳಿಕ ತಾಳಿಕೊಳ್ಳುವ ಪ್ರಯತ್ನ, ಕೊನೆಗೆ ಬಸವಳಿದು ಬೀಳುವುದು. ಅವರ ಪ್ರಯೋಗಗಳು ನಡೆದದ್ದು ಇಲಿಗಳ ಮೇಲೆ. ಮೀನಿನಲ್ಲಿಯೂ ಹೆಚ್ಚುಕಡಿಮೆ ಇದೇ ಕ್ರಮ ಕಾಣುತ್ತದೆ.

ಬಲೆ ಬಿದ್ದರೆ, ನೀರು ಒಮ್ಮೆಲೇ ಬಿಸಿಯಾದರೆ, ಉಸಿರು ಸಾಲದಾದರೆ, ಮೀನಿನ ರಕ್ತಕ್ಕೆ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ಸೇರುತ್ತವೆ. ಹೃದಯದ ಬಡಿತ ಬಲವಾಗುತ್ತದೆ. ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಕರಗಿ ರಕ್ತದಲ್ಲಿ ಸಕ್ಕರೆ ಏರುತ್ತದೆ. ಕಿವಿರಿಗೆ ಹೆಚ್ಚು ರಕ್ತ ಹರಿಯುತ್ತದೆ. ಇವೆಲ್ಲ ಸ್ವಲ್ಪ ಹೊತ್ತಿಗೆ ಪ್ರಾಣ ಉಳಿಸುವ ಉಪಾಯಗಳೇ. ಆದರೆ ಒತ್ತಡ ದಿನಗಟ್ಟಲೆ ಮುಂದುವರಿದರೆ ಕೂಡಿಟ್ಟದ್ದು ಮುಗಿಯುತ್ತದೆ. ಆಮೇಲೆ ಮೈಯ ಮಾಂಸವೇ ಕರಗತೊಡಗುತ್ತದೆ. ಕಾರ್ಟಿಸಾಲ್ ಬಹುಕಾಲ ಏರಿಯೇ ಇದ್ದರೆ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ, ಮೊಟ್ಟೆಯ ಬೆಳವಣಿಗೆಯೂ ಕುಂಠಿತವಾಗುತ್ತದೆ. ಬಾಲ ಕೊಳೆಯುವುದು, ಮೈಮೇಲೆ ಹುಣ್ಣು, ಹೇನಿನ ಬಾಧೆ ಇವೆಲ್ಲ ಬಳಲಿದ ಮೀನಿಗೆ ಬೇಗ ಅಂಟುತ್ತವೆ.

ಮೀನಿಗೆ ಇನ್ನೊಂದು ಮೌನವಾದ ದುಡಿಮೆಯಿದೆ. ಸಿಹಿನೀರಿನ ಮೀನಿನ ರಕ್ತದಲ್ಲಿ ಹೊರಗಿನ ನೀರಿಗಿಂತ ಉಪ್ಪು ಬಹಳ ಹೆಚ್ಚು. ಹೀಗಾಗಿ ಕಿವಿರಿನ ತೆಳು ಹಾಳೆಯ ಮೂಲಕ ನೀರು ಸದಾ ಒಳನುಗ್ಗುತ್ತಿರುತ್ತದೆ, ಉಪ್ಪು ಹೊರಗೆ ಸೋರುತ್ತಿರುತ್ತದೆ. ಮೂತ್ರಪಿಂಡ ನೀರನ್ನು ಹೊರಗೆ ಹಾಕುತ್ತಲೇ ಇರಬೇಕು, ಕಿವಿರಿನ ವಿಶೇಷ ಜೀವಕೋಶಗಳು ಉಪ್ಪನ್ನು ಒಳಗೆ ಎಳೆದುಕೊಳ್ಳುತ್ತಲೇ ಇರಬೇಕು. ಉಸಿರಿಗಾಗಿ ಕಿವಿರಿಗೆ ಹೆಚ್ಚು ರಕ್ತ ಹರಿದಷ್ಟೂ ಉಪ್ಪಿನ ಸೋರಿಕೆಯೂ ಹೆಚ್ಚು. ಮರಿ ಸಾಗಿಸುವ ನೀರಿಗೆ ಲೀಟರಿಗೆ 2–3 ಗ್ರಾಂ ಅಡುಗೆ ಉಪ್ಪು ಹಾಕಿರೆಂದು ಹೇಳುವುದು ಇದೇ ಕಾರಣಕ್ಕೆ. ಹೊರಗೂ ಸ್ವಲ್ಪ ಉಪ್ಪಿದ್ದರೆ ಸೋರಿಕೆ ತಗ್ಗಿ ಮರಿಯ ದುಡಿಮೆ ಹಗುರವಾಗುತ್ತದೆ.

ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಮನೆಯ ಊಟ, ಬೀಜ, ಆಯಗಾರರ ಪಾಲು, ಬಂದವರಿಗೆ ಕೊಡುವುದು, ಎಲ್ಲವೂ ಆ ಒಂದೇ ಹಗೇವಿನಿಂದ. ಮೀನಿನ ಶಕ್ತಿಯೂ ಹಾಗೆಯೇ. ಬಿಸಿಲಿಗೆ ಒಂದಿಷ್ಟು, ಉಸಿರಿಗೆ ಒಂದಿಷ್ಟು, ಉಪ್ಪು ಕಾಯಲು ಒಂದಿಷ್ಟು, ವಿಷ ಕರಗಿಸಲು ಒಂದಿಷ್ಟು ಹೋಗಿ ಉಳಿದದ್ದರಲ್ಲಿ ಮಾತ್ರ ಅದು ಬೆಳೆಯಬಲ್ಲದು. ಆದ್ದರಿಂದ ಒತ್ತಡದ ಮೊದಲ ನಷ್ಟ ಸಾವಲ್ಲ, ತೂಕ. ಸರಿಯಾಗಿ ಆಹಾರ ಹಾಕಿದರೂ ಮೀನು ಬೆಳೆಯುತ್ತಿಲ್ಲವೆಂದರೆ ಹಗೇವು ಬೇರೆ ಕಡೆಗೆ ಖರ್ಚಾಗುತ್ತಿದೆ ಎಂದೇ ತಿಳಿಯಬೇಕು.

ಕಾಣದ ಅಮೋನಿಯಾ

ಮೀನು ತಿಂದ ಪ್ರೋಟೀನಿನ ತ್ಯಾಜ್ಯ ಬಹುಪಾಲು ಅಮೋನಿಯಾ ರೂಪದಲ್ಲಿ ಕಿವಿರಿನಿಂದ ಹೊರಬೀಳುತ್ತದೆ. ಕೋಳಿ ಗೊಬ್ಬರ, ಯೂರಿಯಾ ಹೆಚ್ಚಾದರೂ ನೀರಿನಲ್ಲಿ ಅಮೋನಿಯಾ ಏರುತ್ತದೆ. ಇದು ಎರಡು ರೂಪಗಳಲ್ಲಿರುತ್ತದೆ. ಒಂದು ಅಷ್ಟು ಹಾನಿಕರವಲ್ಲ, ಇನ್ನೊಂದು ವಿಷ. ಯಾವುದು ಎಷ್ಟಿರುತ್ತದೆ ಎಂಬುದು ನೀರಿನ ರಸಸಾರ ಅಂದರೆ ಪಿ.ಎಚ್. ಮತ್ತು ಶಾಖವನ್ನು ಅವಲಂಬಿಸಿದೆ. 28 ಡಿಗ್ರಿ ಶಾಖದಲ್ಲಿ ರಸಸಾರ 7 ಇದ್ದರೆ ವಿಷರೂಪ ಶೇ. 1ಕ್ಕೂ ಕಡಿಮೆ. ರಸಸಾರ 8ಕ್ಕೆ ಏರಿದರೆ ಸುಮಾರು ಶೇ. 6–7. ಅದೇ 9ಕ್ಕೆ ಬಂದರೆ ಸುಮಾರು ಶೇ. 40. ಹಸಿರುಗಟ್ಟಿದ ನೀರಿನ ರಸಸಾರ ಮಧ್ಯಾಹ್ನದ ಮೇಲೆ ಬಹಳ ಏರುತ್ತದೆ. ನಮ್ಮ ಎರೆಭೂಮಿಯ ನೀರು ಮೊದಲೇ ಕ್ಷಾರದ ಕಡೆಗೆ ವಾಲಿರುತ್ತದೆ. ಹೀಗೆ ಮಧ್ಯಾಹ್ನ ಅಮೋನಿಯಾದಿಂದ ಕಿವಿರು ಸುಟ್ಟುಕೊಂಡ ಮೀನು, ರಾತ್ರಿ ಆಮ್ಲಜನಕ ಇಳಿದಾಗ ಅದೇ ಗಾಯದ ಕಿವಿರಿನಿಂದ ಉಸಿರಾಡಬೇಕು. ಕ್ಷಾರದ ನೀರಿಗೆ ಪರೀಕ್ಷೆಯಿಲ್ಲದೆ ಸುಣ್ಣ ಸುರಿಯುವುದು ಈ ಕಾರಣಕ್ಕೇ ತಪ್ಪು.

ಎಣ್ಣೆಯ ವಿಷಯ

ನಮ್ಮದು ಹತ್ತಿಯ ನಾಡು. ಧಾರವಾಡದಲ್ಲಿಯೇ ರೂಪುಗೊಂಡ ವರಲಕ್ಷ್ಮಿ 1972ರಲ್ಲಿ, ಜಯಲಕ್ಷ್ಮಿ 1981ರಲ್ಲಿ ಬಂದವು. ಇಳುವರಿ ಹೆಚ್ಚಿತು, ಸಿಂಪರಣೆಯೂ ಹೆಚ್ಚಿತು. ಹತ್ತಿಯಲ್ಲದೆ ಮೆಣಸಿನಕಾಯಿ, ಕಡಲೆ, ತರಕಾರಿಗೂ ಇಂದು ಔಷಧಿ ಹೊಡೆಯುತ್ತೇವೆ. ಇವುಗಳಲ್ಲಿ ಸೈಪರ್‌ಮೆಥ್ರಿನ್ ಜಾತಿಯ ಔಷಧಿಗಳು ದನಕರುಗಳಿಗಿಂತ ಮೀನಿಗೆ ಬಹುಪಾಲು ಹೆಚ್ಚು ವಿಷ. ಮೀನಿನ ದೇಹದಲ್ಲಿ ಅದನ್ನು ಒಡೆದುಹಾಕುವ ಕಿಣ್ವಗಳು ಸಾಲದಿರುವುದೇ ಇದಕ್ಕೆ ಮುಖ್ಯ ಕಾರಣ. ಕ್ವಿನಾಲ್‌ಫಾಸ್, ಕ್ಲೋರ್‌ಪೈರಿಫಾಸ್‌ಗಳಂತಹ ರಂಜಕಯುಕ್ತ ಔಷಧಿಗಳು ನರದ ಸಂದೇಶವನ್ನು ಅಳಿಸುವ ಕಿಣ್ವವನ್ನೇ ಕೆಡಿಸುತ್ತವೆ. ಆಗ ಸ್ನಾಯುಗಳು ಬಿಗಿದು ನಡುಗುತ್ತವೆ, ಮೀನು ದಿಕ್ಕು ತಪ್ಪಿ ಸುತ್ತುತ್ತದೆ.

ಎಷ್ಟು ಔಷಧಿ ಸಾಕೆಂದು ಕೇಳುವಿರಿ. ಶೇ. 10ರ ಸೈಪರ್‌ಮೆಥ್ರಿನ್ 10 ಮಿ.ಲೀ. ತೆಗೆದುಕೊಳ್ಳಿ. ಎರಡು ಸಣ್ಣ ಚಮಚ. ಅದರಲ್ಲಿ ಮೂಲ ವಿಷ ಸುಮಾರು ಒಂದು ಗ್ರಾಂ. ಆಗಲೇ ಹೇಳಿದ ಬೇಸಿಗೆಯ ಹೊಂಡದ 2.5 ಲಕ್ಷ ಲೀಟರ್ ನೀರಿನಲ್ಲಿ ಇದು ಬೆರೆತರೆ ಲೀಟರಿಗೆ 4 ಮೈಕ್ರೋಗ್ರಾಂ ಆಗುತ್ತದೆ. ಗೆಂಡೆ ಮರಿಗಳನ್ನು ಕೊಲ್ಲಲು ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಸಾಕೆಂದು ಪ್ರಯೋಗಗಳು ತೋರಿಸಿವೆ. ಕೆಸರು ಸ್ವಲ್ಪ ವಿಷವನ್ನು ಹಿಡಿದಿಟ್ಟುಕೊಳ್ಳುತ್ತದೆ, ನಿಜ. ಆದರೆ ಅದನ್ನು ನಂಬಿ ಪಂಪು ತೊಳೆದ ನೀರನ್ನು ಹೊಂಡಕ್ಕೆ ಬಿಡುವುದು ಸಲ್ಲದು. ಡಬ್ಬಿಯ ಮೇಲಿನ ಬಣ್ಣದ ತ್ರಿಕೋನವನ್ನು ನೋಡಿ ಮೋಸಹೋಗಬೇಡಿ. ಕೆಂಪು, ಹಳದಿ, ನೀಲಿ, ಹಸಿರು ಎಂಬ ಆ ವಿಂಗಡಣೆ ಮನುಷ್ಯ ಮತ್ತು ಸಸ್ತನಿಗಳ ಮೇಲಾಗುವ ಪರಿಣಾಮವನ್ನು ಆಧರಿಸಿದ್ದು. ತ್ರಿಕೋನ ಹಸಿರಾಗಿದ್ದ ಮಾತ್ರಕ್ಕೆ ಮೀನಿಗೆ ಕ್ಷೇಮವೆಂದಲ್ಲ.

ಕೊಲ್ಲದಷ್ಟು ಕಡಿಮೆ ವಿಷವೂ ಸುಮ್ಮನೆ ಬಿಡುವುದಿಲ್ಲ. ಇಲ್ಲಿಯೇ ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಫೆನ್ವಲರೇಟ್ ಮೊದಲಾದ ಔಷಧಿಗಳು ರೋಹು, ಮೃಗಾಲ್‌ಗಳಂತಹ ಮೀನುಗಳ ಮೇಲೆ ಮಾಡುವ ಪರಿಣಾಮವನ್ನು ಅಭ್ಯಾಸ ಮಾಡಿದ್ದಾರೆ. ಉಸಿರಾಟ ಏರುಪೇರಾಗುವುದು, ಈಜುವ ರೀತಿ ಕೆಡುವುದು, ಅಂಗಾಂಶಗಳಲ್ಲಿನ ಪ್ರೋಟೀನು ಮತ್ತು ಲವಣಗಳ ಮಟ್ಟ ಬದಲಾಗುವುದು ಇಂತಹ ಅಧ್ಯಯನಗಳಲ್ಲಿ ಕಂಡಿವೆ. ಅಂದರೆ ಆ ಮೀನು ಬದುಕಿದೆ, ಆದರೆ ಅದರ ಹಗೇವು ಬರಿದಾಗುತ್ತಿದೆ. ಆಮ್ಲಜನಕ ಕಡಿಮೆಯಾದ ಮೊದಲ ರಾತ್ರಿಯೇ ಅದು ಬೀಳುತ್ತದೆ.

ಹೊಲದ ಔಷಧಿಯಷ್ಟೇ ಊರಿನ ಕೊಳಚೆಯೂ ಈ ಲೆಕ್ಕಕ್ಕೆ ಸೇರುತ್ತದೆ. ಹುಬ್ಬಳ್ಳಿಯ ಉಣಕಲ್ ಕೆರೆಯನ್ನು ಅಂತರಗಂಗೆ ಕಳೆ ಆವರಿಸಿದ್ದನ್ನು ತಾವು ಕಂಡಿರುವಿರಿ. ಧಾರವಾಡದ ಕೆಲಗೇರಿ ಕೆರೆಗೂ ಕೊಳಚೆಯ ಕಾಟ ತಪ್ಪಲಿಲ್ಲ. ಕೊಳಚೆ ಕೊಳೆಯುವಾಗ ನೀರಿನ ಆಮ್ಲಜನಕವನ್ನು ತಿನ್ನುತ್ತದೆ. ಅದರ ಸಾರದಿಂದ ಕಳೆ ಹಬ್ಬುತ್ತದೆ. ಕಳೆಯ ಹಾಸು ಬೆಳಕನ್ನೂ ಗಾಳಿಯನ್ನೂ ತಡೆಯುತ್ತದೆ. 1980ರ ದಶಕದಲ್ಲಿ ತುಂಗಭದ್ರಾ ನದಿಯ ಮಾಲಿನ್ಯದ ವಿರುದ್ಧ ಧಾರವಾಡದ ಸಮಾಜ ಪರಿವರ್ತನ ಸಮುದಾಯ ಜನರನ್ನು ಸಂಘಟಿಸಿದ್ದು ಹಿರಿಯರಿಗೆ ನೆನಪಿರಬಹುದು. ಅಲ್ಲಿಯೂ ನೀರು ಕೆಟ್ಟಿದೆಯೆಂದು ದಂಡೆಯ ಜನರಿಗೆ ಸಾರಿದ ಗುರುತುಗಳಲ್ಲಿ ಮೀನಿನ ಸಾವು ಒಂದು. ನಾವು ಕುಡಿಯುವ, ದನಗಳಿಗೆ ಕುಡಿಸುವ ನೀರಿನ ಸ್ಥಿತಿಯನ್ನು ಮೀನು ನಮಗಿಂತ ಮೊದಲೇ ತಿಳಿಯುತ್ತದೆ.

ಸಾವಿನ ಗುರುತು ಹಿಡಿಯುವುದು

ಯಾರ ಮೇಲಾದರೂ ಸಂಶಯಪಡುವ ಮುಂಚೆ ಈ ಗುರುತುಗಳನ್ನು ನೋಡಿರಿ.

ಉಸಿರುಗಟ್ಟಿದ ಸಾವು: ಸಾಮಾನ್ಯವಾಗಿ ಬೆಳಗಿನ ಜಾವ ನಡೆಯುತ್ತದೆ. ದೊಡ್ಡ ಮೀನುಗಳು, ಅದರಲ್ಲೂ ಬೆಳ್ಳಿಗೆಂಡೆ ಮತ್ತು ಕಾಟ್ಲಾ, ಮೊದಲು ಸಾಯುತ್ತವೆ. ಸಾಮಾನ್ಯ ಗೆಂಡೆ ಹೆಚ್ಚು ತಾಳುತ್ತದೆ. ಬದುಕಿದವು ಮೇಲೆ ಬಂದು ಬಾಯಿ ತೆರೆದು ತೇಕುತ್ತವೆ. ಬಿಸಿಲೇರಿದಂತೆ ಚೇತರಿಸಿಕೊಂಡು ಕೆಳಗಿಳಿಯುತ್ತವೆ. ಕಪ್ಪೆ, ನೀರಹುಳುಗಳು ಬದುಕಿರುತ್ತವೆ.

ವಿಷದ ಸಾವು: ಯಾವ ಹೊತ್ತಿನಲ್ಲಾದರೂ ಆಗಬಹುದು. ಹತ್ತಿರದಲ್ಲಿ ಸಿಂಪರಣೆ ನಡೆದ ಮೇಲೆ ಅಥವಾ ಸಿಂಪರಣೆಯ ಹಿಂದೆಯೇ ಮಳೆ ಬಂದು ಹೊಲದ ನೀರು ಹೊಂಡಕ್ಕೆ ಇಳಿದ ಮೇಲೆ ಹೆಚ್ಚು. ಸಣ್ಣವು, ದೊಡ್ಡವು ಎನ್ನದೆ ಎಲ್ಲ ಮೀನುಗಳೂ ಬಾಧೆಪಡುತ್ತವೆ, ಮರಿಗಳು ಮೊದಲು. ಮೀನು ಹುಚ್ಚುಹುಚ್ಚಾಗಿ ಸುತ್ತುತ್ತದೆ, ಹೊರಳುತ್ತದೆ, ಮೈ ಲೋಳೆಗಟ್ಟುತ್ತದೆ. ಬಿಸಿಲೇರಿದರೂ ಚೇತರಿಕೆ ಇಲ್ಲ. ನೀರಹುಳುಗಳೂ ಸತ್ತಿರುತ್ತವೆ.

ರೋಗದ ಸಾವು: ಒಮ್ಮೆಲೇ ಅಲ್ಲ. ದಿನಕ್ಕೆ ಎರಡು, ನಾಲ್ಕರಂತೆ ಹಲವು ದಿನ ನಡೆಯುತ್ತದೆ. ಮೈಮೇಲೆ ಹುಣ್ಣು, ಕೊಳೆತ ರೆಕ್ಕೆ, ಉಬ್ಬಿದ ಹೊಟ್ಟೆ ಕಾಣಬಹುದು.

ಇಲ್ಲಿ ವಿಸ್ತರಣಾ ಕಾರ್ಯಕರ್ತರಿಗೆ ಒಂದು ಮಾತು. ಬೆಳಿಗ್ಗೆ ಸತ್ತ ಮೀನಿನ ಸುದ್ದಿ ತಲುಪಿ ನಾವು ಹೊಂಡಕ್ಕೆ ಹೋಗುವ ಹೊತ್ತಿಗೆ ಮಧ್ಯಾಹ್ನವಾಗಿರುತ್ತದೆ. ಆಗ ನೀರು ಪರೀಕ್ಷಿಸಿದರೆ ಆಮ್ಲಜನಕ ಚೆನ್ನಾಗಿಯೇ ಇರುತ್ತದೆ. ಏಕೆಂದರೆ ಪಾಚಿ ಮತ್ತೆ ತನ್ನ ಕೆಲಸ ಆರಂಭಿಸಿದೆ. ಅದನ್ನು ನೋಡಿ "ನೀರು ಸರಿಯಾಗಿದೆ, ವಿಷವೇ ಇರಬೇಕು" ಎಂದು ಹೇಳಿದರೆ ನಮ್ಮ ಒಂದು ಮಾತಿನಿಂದ ಎರಡು ಮನೆಗಳು ಕೆಡುತ್ತವೆ. ಮರುದಿನ ಸೂರ್ಯೋದಯಕ್ಕೆ ಮೊದಲು ಹೋಗಿ ಪರೀಕ್ಷಿಸಿದ ನಂತರವೇ ಅಭಿಪ್ರಾಯ ಹೇಳತಕ್ಕದ್ದು.

ವಿಷದ ಸಂಶಯ ಬಲವಾಗಿದ್ದರೆ ತಡಮಾಡದೆ ಸ್ವಚ್ಛವಾದ ಗಾಜಿನ ಬಾಟಲಿಯಲ್ಲಿ ಒಂದು ಲೀಟರ್ ನೀರನ್ನು ಕಂಠಮಟ್ಟ ತುಂಬಿ, ಆಗಷ್ಟೇ ಸತ್ತ ಒಂದೆರಡು ಮೀನಿನ ಜೊತೆಗೆ ಮಂಜುಗಡ್ಡೆಯಲ್ಲಿಟ್ಟು ತಾಲ್ಲೂಕಿನ ಮೀನುಗಾರಿಕೆ ಇಲಾಖೆಗೆ ತಲುಪಿಸಿರಿ. ನೀರಿಗೆ ವಿಷ ಹಾಕಿ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಷ್ಟು ಹಿಂದೆಯೇ ಅಪರಾಧವೆಂದು ಸಾರಲಾಗಿದೆ. ಹೀಗೆ ಸತ್ತ ಮೀನನ್ನು ತಿನ್ನಬಾರದು, ಮಾರಬಾರದು, ಕೋಳಿ ನಾಯಿಗಳಿಗೂ ಹಾಕಬಾರದು.

ರೈತರು ಮಾಡಬೇಕಾದದ್ದು

1. ಬೇಸಿಗೆಯಲ್ಲಿ ಎಷ್ಟು ನೀರು ಉಳಿಯುತ್ತದೆ ಎಂಬುದನ್ನು ನೋಡಿ ಮರಿ ಬಿಡಬೇಕು, ತುಂಬಿದ ಹೊಂಡವನ್ನು ನೋಡಿ ಅಲ್ಲ. ನೀರು ಇಳಿಯುತ್ತಾ ಬಂದಂತೆ ಮಾರಾಟಕ್ಕೆ ಬಂದ ದೊಡ್ಡ ಮೀನುಗಳನ್ನು ಹಿಡಿದು ಸಂಖ್ಯೆ ತಗ್ಗಿಸಬೇಕು.

2. ಮರಿಗಳನ್ನು ತರುವಾಗ ತಂಪು ಹೊತ್ತಿನಲ್ಲಿ ತನ್ನಿರಿ. ಸಾಗಣೆಯ ಹಿಂದಿನ ದಿನ ಮರಿಗಳಿಗೆ ಆಹಾರ ಹಾಕಿರಬಾರದು. ಚೀಲವನ್ನು 15–20 ನಿಮಿಷ ಹೊಂಡದ ನೀರಿನ ಮೇಲೆ ತೇಲಿಬಿಟ್ಟು, ಸ್ವಲ್ಪ ಸ್ವಲ್ಪವಾಗಿ ಹೊಂಡದ ನೀರು ಬೆರೆಸಿ, ಮರಿಗಳು ತಾವಾಗಿ ಹೊರಬರಲು ಬಿಡಿರಿ. ಒಮ್ಮೆಲೇ ಸುರಿದರೆ ಶಾಖದ ಏರುಪೇರು ಅವುಗಳನ್ನು ಕುಗ್ಗಿಸುತ್ತದೆ.

3. ನೀರಿನ ಹಸಿರನ್ನು ಕೈಯಿಂದಲೇ ಅಳೆಯಬಹುದು. ತೋಳನ್ನು ನೇರವಾಗಿ ನೀರಿಗಿಳಿಸಿರಿ. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮಸುಕಾಗಿ ಕಾಣುತ್ತಿದ್ದರೆ ಸರಿ. ಅದಕ್ಕಿಂತ ಬಹಳ ಮೊದಲೇ ಅಂಗೈ ಮಾಯವಾದರೆ ಪಾಚಿ ಅತಿಯಾಗಿದೆ. ಗೊಬ್ಬರ ನಿಲ್ಲಿಸಿರಿ.

4. ಆಹಾರವನ್ನು ಬಿಸಿಲೇರಿದ ಮೇಲೆ ಬೆಳಿಗ್ಗೆ ಹಾಕಿರಿ. ಉಂಡ ಮೀನಿಗೆ ಅರಗಿಸಲು ಹೆಚ್ಚು ಆಮ್ಲಜನಕ ಬೇಕು. ಸಂಜೆ ಹೊಟ್ಟೆ ತುಂಬಿಸಿದರೆ ಆ ಖರ್ಚು ರಾತ್ರಿಯ ಕೊರತೆಯ ಹೊತ್ತಿಗೇ ಬೀಳುತ್ತದೆ. ಮೋಡದ ದಿನ, ಮೀನು ತೇಕಿದ ದಿನ ಆಹಾರವೇ ಬೇಡ.

5. ಹೊಂಡದ ಸುತ್ತ ಕೆಲವು ಮೀಟರ್ ಅಗಲದ ಹುಲ್ಲಿನ ಪಟ್ಟಿ ಬಿಡಿರಿ. ಹೊಲದ ನೀರು ನೇರವಾಗಿ ಒಳಗಿಳಿಯದಂತೆ ಒಡ್ಡು ಹಾಕಿ, ಹೂಳುಗುಂಡಿಯ ಮೂಲಕವೇ ಬಿಡಿರಿ. ಗಾಳಿ ಹೊಂಡದ ಕಡೆಗೆ ಬೀಸುವಾಗ ಸಿಂಪಡಿಸಬಾರದು. ಪಂಪು, ಡಬ್ಬಿ, ಕೈಕಾಲುಗಳನ್ನು ಹೊಂಡದಲ್ಲಿ ತೊಳೆಯಬಾರದು. ನೀವು ಸಿಂಪಡಿಸುವ ದಿನವನ್ನು ಹೊಂಡವಿರುವ ನೆರೆಯವರಿಗೆ ಮೊದಲೇ ತಿಳಿಸಿರಿ.

6. ಏಪ್ರಿಲ್, ಮೇ ತಿಂಗಳಲ್ಲಿ ವಾರಕ್ಕೆ ಎರಡು ಮೂರು ದಿನವಾದರೂ ಬೆಳಗಿನ ಐದೂವರೆಗೆ ಬ್ಯಾಟರಿ ಹಿಡಿದು ಹೊಂಡಕ್ಕೆ ಹೋಗಿ ಬನ್ನಿರಿ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದೇ ಎಚ್ಚರಿಕೆ. ದಂಡೆಯ ಹತ್ತಿರ ಬಲೆಯ ಚಿಕ್ಕ ಗೂಡಿನಲ್ಲಿ ಎರಡು ಮೂರು ಮೀನು ಇಟ್ಟರೆ, ಕಿವಿರಿನ ಮುಚ್ಚಳ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆ ಎಂದು ಎಣಿಸಬಹುದು. ತಂಪು ದಿನಗಳ ಎಣಿಕೆಯನ್ನು ಬರೆದಿಡಿರಿ. ಅದಕ್ಕಿಂತ ಬಹಳ ಹೆಚ್ಚಿದರೆ ಮೀನು ಒತ್ತಡದಲ್ಲಿದೆ.

7. ತೇಕುವುದು ಕಂಡ ಕೂಡಲೇ ಪಂಪು ಹಚ್ಚಿ ಹೊಂಡದ ಮೇಲ್ಪದರದ ನೀರನ್ನೇ ಎತ್ತಿ ಎತ್ತರದಿಂದ ಚಿಮ್ಮಿಸಿ ಬೀಳಿಸಿರಿ. ತಳದ ಕೆಸರು ಕದಡಬಾರದು. ಕೊಳವೆಬಾವಿಯ ನೀರು ಬಿಡುವುದಾದರೂ ಹೀಗೆಯೇ ಚಿಮ್ಮಿಸಿ ಬಿಡಬೇಕು. ನೆಲದಾಳದಿಂದ ಬಂದ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆ ಇರುತ್ತದೆ. ವಿದ್ಯುತ್ ಇಲ್ಲದಿದ್ದರೆ ಬಿದಿರ ಗಳದಿಂದ ನೀರಿನ ಮೇಲ್ಭಾಗವನ್ನು ಬಡಿಯಿರಿ. ಆ ಹೊತ್ತಿನಲ್ಲಿ ಬಲೆ ಹಾಕಬೇಡಿರಿ. ಬಲೆಯ ದಿಗಿಲಿನಿಂದಲೇ ಉಳಿದ ಮೀನೂ ಸಾಯುತ್ತದೆ.

ಕೊನೆಯದಾಗಿ, ಬಿಸಿಲನ್ನು ನಾವು ತಡೆಯಲಾರೆವು. ಭರಣಿ ಮಳೆ ಯಾವ ರಾತ್ರಿ ಬರುವುದೆಂದು ಹೇಳಲಾರೆವು. ಆದರೆ ಮೀನಿನ ಮೇಲಿನ ಹೊರೆಗಳಲ್ಲಿ ಅರ್ಧದಷ್ಟು ನಮ್ಮ ಕೈಯಿಂದಲೇ ಬೀಳುವಂಥವು: ಅತಿಯಾದ ಮರಿ, ಅತಿಯಾದ ಗೊಬ್ಬರ, ಸಂಜೆಯ ಆಹಾರ, ಪಂಪು ತೊಳೆದ ನೀರು. ಅವನ್ನು ಇಳಿಸಿದರೆ ಉಳಿದ ಹೊರೆಯನ್ನು ಮೀನು ತಾನೇ ಹೊರುತ್ತದೆ. ಮತ್ತು ಮುಂದಿನ ಬೇಸಿಗೆಯಲ್ಲಿ ಯಾರದಾದರೂ ಹೊಂಡದಲ್ಲಿ ಮೀನು ತೇಲಿದ ಸುದ್ದಿ ಕೇಳಿದರೆ, "ಯಾರು ಹಾಕಿದರು" ಎಂದು ಕೇಳುವ ಮೊದಲು "ಎಷ್ಟು ಹೊತ್ತಿಗೆ ಸತ್ತವು, ಯಾವವು ಮೊದಲು ಸತ್ತವು, ನೀರು ಎಷ್ಟಿತ್ತು" ಎಂದು ಕೇಳಿರಿ. ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ.